12ನೇ ಫ್ರೆಟ್‌ನಲ್ಲಿ ತಂತಿ 3.6 ಮಿ.ಮೀ. ಎತ್ತರ, ಬ್ರಿಜ್ ಹಿಂದೆ ಸಂದು: ಹಳೇ ಗಿಟಾರ್ ರಿಪೇರಿ ಎಲ್ಲಿಂದ ಶುರು ಮಾಡೋದು?

ಮೂಲೆಪೆಟ್ಟಿಗೆ

ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಇದ್ದ ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರ್. ಸ್ಕೇಲ್ (ತಂತಿಯ ಅದುರುವ ಉದ್ದ) 645 ಮಿ.ಮೀ., ಮೇಲ್ಹಲಗೆ ಸ್ಪ್ರೂಸ್, ಫಿಂಗರ್‌ಬೋರ್ಡ್ (ಬೆರಳಿಡುವ ಹಲಗೆ) ಮತ್ತು ಬ್ರಿಜ್ (ಮೇಲ್ಹಲಗೆಗೆ ಅಂಟಿಸಿದ, ತಂತಿ ಸಿಕ್ಕಿಸುವ ಮರದ ತುಂಡು) ಎರಡೂ ಬೀಟೆ. 12–53 ತಂತಿ (ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಹಾಕಿ ಶ್ರುತಿಗೆ ತಂದಾಗ 12ನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ದಪ್ಪನೆಯ 6ನೇ ತಂತಿ 3.6 ಮಿ.ಮೀ., ತೆಳುವಾದ 1ನೇ ತಂತಿ 2.7 ಮಿ.ಮೀ. ಎತ್ತರದಲ್ಲಿದೆ. ಬ್ರಿಜ್‌ನ ಹಿಂಬದಿಯಲ್ಲಿ ಕಾಗದ ತೂರುವಷ್ಟು ಸಂದು. ನೆಕ್ ಅಂಚಿನಲ್ಲಿ ಕೈಯಾಡಿಸಿದರೆ ಫ್ರೆಟ್ ತುದಿಗಳು ಗರಗಸದ ಹಲ್ಲಿನ ಹಾಗೆ ತಾಗುತ್ತವೆ. 3ನೇ ತಂತಿ ಖಾಲಿ ಮೀಟಿದಾಗ ಜುಂಯ್ ಅನ್ನುತ್ತೆ, ಯಾವುದಾದರೂ ಫ್ರೆಟ್ ಒತ್ತಿದರೆ ಸರಿಯಾಗುತ್ತೆ.

ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ಪಟ್ಟಿ) ಬ್ರಿಜ್‌ನಿಂದ 6ನೇ ತಂತಿಯ ಕಡೆ 3, 1ನೇ ತಂತಿಯ ಕಡೆ 2.4 ಮಿ.ಮೀ. ಮೇಲಿದೆ. ಇದನ್ನು ಉಜ್ಜಿ ತಗ್ಗಿಸಿದರೆ ಸಾಕಾ? ಅಥವಾ ನೆಕ್ಕಿನೊಳಗಿನ ಉಕ್ಕಿನ ಸರಳು, ಅಂದರೆ ಟ್ರಸ್ ರಾಡ್, ತಿರುಗಿಸಬೇಕಾ?

ಅರದಂಚು

ಈಗ ಎರಡೂ ಬೇಡ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಬರುವುದರಿಂದ ಅಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಿಂದ 2 ಮಿ.ಮೀ. ತೆಗೆಯಬೇಕು. ನಿಮ್ಮ ಗುರಿ 6ನೇ ತಂತಿಗೆ 2.5, 1ನೇ ತಂತಿಗೆ 1.8 ಅಂತಿಟ್ಟುಕೊಳ್ಳಿ. 6ನೇ ಕಡೆ 1.1 ಇಳಿಸಲು ಸ್ಯಾಡಲ್‌ನಿಂದ 2.2 ಹೋಗುತ್ತೆ, ಉಳಿಯೋದು 0.8. 1ನೇ ಕಡೆ ಉಳಿಯೋದು 0.6. ಅಷ್ಟು ಕುಳ್ಳಾದ ಸ್ಯಾಡಲ್ ಮೇಲೆ ತಂತಿ ಬಾಗೋದೇ ಇಲ್ಲ. ಒತ್ತಡ ಸಾಲದೆ ದನಿ ಪೇಲವವಾಗುತ್ತೆ, ಜೋರಾಗಿ ಮೀಟಿದರೆ ತಂತಿ ಅಡ್ಡ ಸರಿಯುತ್ತೆ. ಆಮೇಲೆ ಬ್ರಿಜ್ ಅಂಟಿಸಿದಾಗ ತಂತಿ ತಾನಾಗಿ ಇನ್ನಷ್ಟು ಇಳಿದು, ಉಜ್ಜಿದ ಸ್ಯಾಡಲ್ ಬಿಸಾಡಬೇಕಾಗುತ್ತೆ.

ತಂತಿ ಎತ್ತರವಾಗಲು ಮುಖ್ಯ ಕಾರಣ ನಾಲ್ಕು: ನೆಕ್ ಬಾಗಿರೋದು, ಬ್ರಿಜ್ ಎದ್ದಿರೋದು, ಮೇಲ್ಹಲಗೆ ಉಬ್ಬಿರೋದು, ದೇಹಕ್ಕೆ ಸೇರುವ ಕಡೆ ನೆಕ್ಕಿನ ಕೋನ ತಪ್ಪಿರೋದು. ಸ್ಯಾಡಲ್ ಉಜ್ಜೋದು ಈ ನಾಲ್ಕೂ ಇತ್ಯರ್ಥವಾದ ಮೇಲಿನ ಕೆಲಸ. ಸದ್ಯ ತಂತಿಗಳನ್ನು ಪೂರ್ತಿ ಸಡಿಲಿಸಿ. 12–53 ಸೆಟ್ ಶ್ರುತಿಯಲ್ಲಿದ್ದಾಗ ಒಟ್ಟು ಎಳೆತ ಸುಮಾರು 75 ಕೆ.ಜಿ. ಅರ್ಧ ಬಿಟ್ಟ ಬ್ರಿಜ್ ಅದನ್ನು ಹೊತ್ತುಕೊಂಡೇ ಇದ್ದರೆ ಏಳುವಾಗ ಸ್ಪ್ರೂಸ್‌ನ ನಾರನ್ನೂ ಕಿತ್ತುಕೊಂಡು ಬರುತ್ತೆ.

ತಿರುಪು

ಇಷ್ಟೆಲ್ಲ ಯಾಕೆ ಗುರು, ಟ್ರಸ್ ರಾಡ್ ಒಂದು ಸುತ್ತು ಬಿಗಿ ಮಾಡಿ, ತಂತಿ ಇಳಿಯುತ್ತೆ.

ಅರದಂಚು

> ಒಂದು ಸುತ್ತು ಬಿಗಿ ಮಾಡಿ

ದಯವಿಟ್ಟು ಬೇಡ. ರಾಡ್ ಸರಿಪಡಿಸೋದು ನಟ್‌ನಿಂದ (ನೆಕ್ಕಿನ ತಲೆಯ ಬಳಿ ತಂತಿ ಕೂರುವ ಗೀರುಗಳ ಪಟ್ಟಿ) ನೆಕ್ಕಿನ ಬುಡದವರೆಗಿನ ಬಾಗನ್ನು ಮಾತ್ರ. ಬುಡದ ಕೋನ, ಬ್ರಿಜ್, ಉಬ್ಬು ಇವಕ್ಕೂ ಅದಕ್ಕೂ ಸಂಬಂಧ ಇಲ್ಲ. ತಂತಿ ಇಳಿಸೋಕೆ ಅಂತಲೇ ರಾಡ್ ಬಿಗಿದರೆ ನೆಕ್ ಹಿಂದಕ್ಕೆ ಬಾಗಿ ಮೊದಲ ನಾಲ್ಕೈದು ಫ್ರೆಟ್ ಪೂರ್ತಿ ಜುಂಯ್‌ಗುಡುತ್ತೆ. ಹಳೇ ರಾಡ್ ತುಕ್ಕು ಹಿಡಿದಿದ್ದರೆ ತಿರುಪಿನ ಎಳೆಯೇ ಕಿತ್ತುಹೋಗುತ್ತೆ, ಆಮೇಲೆ ಫಿಂಗರ್‌ಬೋರ್ಡ್ ಬಿಚ್ಚೋದೊಂದೇ ದಾರಿ. ತಿರುಗಿಸುವ ರಾಡ್ ಇದೆಯಾ ಅನ್ನೋದನ್ನೂ ಮೊದಲು ನೋಡಬೇಕು. ಮಾರ್ಟಿನ್ ಕಂಪನಿಯಂಥವರೇ ತಿರುಗಿಸಬಹುದಾದ ರಾಡ್ ಹಾಕೋಕೆ ಶುರು ಮಾಡಿದ್ದು 1985ರಲ್ಲಿ. ಅದಕ್ಕೂ ಹಿಂದಿನ ಅವರ ಗಿಟಾರ್‌ಗಳಲ್ಲಿ ಒಳಗೆ ಸಾಮಾನ್ಯವಾಗಿ ಬರೀ ಉಕ್ಕಿನ ಪಟ್ಟಿಯೋ ಚೌಕ ಕೊಳವೆಯೋ ಇರುತ್ತೆ.

@ಮೂಲೆಪೆಟ್ಟಿಗೆ, ರಿಲೀಫ್ (ನೆಕ್ಕಿನ ಬಾಗು) ಅಳೆಯೋಕೆ ಮಾತ್ರ ತಂತಿ ಮತ್ತೆ ಶ್ರುತಿಗೆ ತನ್ನಿ. 1ನೇ ಫ್ರೆಟ್‌ಗೆ ಕೇಪೋ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, 6ನೇ ತಂತಿಯನ್ನು 14ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ನೇರಗೆರೆ. 7ನೇ ಫ್ರೆಟ್ ಮೇಲೆ ಫೀಲರ್ ಗೇಜ್ (ದಪ್ಪ ಗೊತ್ತಿರುವ ತೆಳು ಲೋಹದ ಪಟ್ಟಿ) ತೂರಿಸಿ ನೋಡಿ. 0.15ರಿಂದ 0.25 ಮಿ.ಮೀ. ಇದ್ದರೆ ನೆಕ್ ತಂಟೆಗೆ ಹೋಗಬೇಡಿ.

ಆರನೇತಂತಿ

ಅದಕ್ಕೂ ಮುಂಚೆ ಒಂದು ವಿಷಯ. ಫ್ರೆಟ್ ತುದಿ ಹೊರಬಂದಿದೆ ಅಂದರೆ ಫ್ರೆಟ್ ಬೆಳೆದಿಲ್ಲ, ಮರ ಕುಗ್ಗಿದೆ. ಗಿಟಾರ್ ಒಣಗಿದೆ. ಒಣಗಿದ ಗಿಟಾರಿನ ಯಾವ ಅಳತೆಯನ್ನೂ ನಂಬಬೇಡಿ. ಮೇಲ್ಹಲಗೆ ಈಗ ಕುಸಿದಿರುತ್ತೆ, ತೇವ ಸಿಕ್ಕ ಮೇಲೆ ಮೇಲೇಳುತ್ತೆ, ತಂತಿಯೂ ಜೊತೆಗೇ ಏರುತ್ತೆ. ಈಗಲೇ ಅರ ಹಿಡಿದು ಫ್ರೆಟ್ ತುದಿ ಉಜ್ಜಿದರೆ ಮುಂದೆ ಮರ ಹಿಗ್ಗಿದಾಗ ತುದಿಗಳು ಅಂಚಿನಿಂದ ಒಳಗೆ ಉಳಿದು 1ನೇ ತಂತಿ ಜಾರಿ ಬೀಳುತ್ತೆ.

ಪೆಟ್ಟಿಗೆಯೊಳಗೆ ತೇವಾಂಶ ಶೇ. 45ರಿಂದ 55 ಇರಬೇಕು. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜು ಇಟ್ಟು, ಒಂದನ್ನು ಹೆಡ್‌ಸ್ಟಾಕ್ (ನೆಕ್ಕಿನ ತಲೆ) ಪಕ್ಕ, ಇನ್ನೊಂದನ್ನು ಸೌಂಡ್‌ಹೋಲ್ ಒಳಗೆ ನೇತುಹಾಕಿ. ನೀರು ತೊಟ್ಟಿಕ್ಕಬಾರದು. ಎರಡು ವಾರ ಬಿಡಿ. ಅವಸರಕ್ಕೆ ಬಿಸಿ ಹಬೆ ಕೊಟ್ಟರೆ ಬ್ರೇಸ್‌ಗಳ (ಮೇಲ್ಹಲಗೆಯ ಒಳಗಿನ ಆಧಾರದ ಪಟ್ಟಿಗಳ) ಅಂಟು ಬಿಡುತ್ತೆ.

ತೇವಾಂಶ ಅಳೆಯುವ ಹೈಗ್ರೋಮೀಟರ್ ನಂಬುವ ಮೊದಲು ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಮೇಲೆ ನಾಲ್ಕೈದು ಹನಿ ನೀರು. ಒದ್ದೆ ಮರಳಿನ ಹಾಗಿರಬೇಕು, ಕರಗಿ ನೀರಾಗಬಾರದು. ಮುಚ್ಚಳ ಮತ್ತು ಮೀಟರ್ ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ 12 ಗಂಟೆ ಇಡಿ. ಮೀಟರ್ 75 ತೋರಿಸಬೇಕು. 70 ತೋರಿಸಿದರೆ ಇನ್ನು ಮುಂದೆ ಓದುವಾಗಲೆಲ್ಲ 5 ಸೇರಿಸಿಕೊಳ್ಳಿ.

ಮೂಲೆಪೆಟ್ಟಿಗೆ

ಉಪ್ಪಿನ ಪರೀಕ್ಷೆಯಲ್ಲಿ 72 ಬಂತು. 3 ಸೇರಿಸಿದರೆ ಪೆಟ್ಟಿಗೆಯೊಳಗೆ ಶೇ. 34. ರಿಲೀಫ್ 0.6 ಮಿ.ಮೀ. ರಾಡ್ ಸೌಂಡ್‌ಹೋಲ್ ಒಳಗಿದೆ, 5 ಮಿ.ಮೀ. ಅಲೆನ್ ಕೀ ಕೂರುತ್ತೆ. ಬ್ರಿಜ್ ಹಿಂದೆ ನಡುವಿನಲ್ಲಿ ಕಾಗದ 7 ಮಿ.ಮೀ. ಒಳಹೋಗುತ್ತೆ, ಎರಡು ಪಕ್ಕ ಮತ್ತು ಮುಂದೆ 1 ಮಿ.ಮೀ. ಮಾತ್ರ. ಸಂದಿಗೆ ಸೂಪರ್ ಗ್ಲೂ ಬಿಡಬಹುದಾ?

ಮರವಜ್ರ

ಪಕ್ಕದ 1 ಮಿ.ಮೀ. ಬಗ್ಗೆ ಚಿಂತೆ ಬೇಡ. ಎಷ್ಟೋ ಫ್ಯಾಕ್ಟರಿಗಳಲ್ಲಿ ಬ್ರಿಜ್‌ನ ಅಂಚಿನ ಕೆಳಗೆ ಒಂದು ಗೆರೆಯಷ್ಟು ಪಾಲಿಶ್ ಬಿಟ್ಟಿರುತ್ತಾರೆ, ಅಲ್ಲಿ ಅಂಟು ಮೊದಲಿನಿಂದಲೂ ಹಿಡಿದಿರೋದಿಲ್ಲ. ಹಿಂದಿನ 7 ಮಿ.ಮೀ. ಮಾತ್ರ ನಿಜವಾಗಿ ಎದ್ದಿರೋದು.

ಸೂಪರ್ ಗ್ಲೂ ಖಂಡಿತ ಬೇಡ. ಸಂದಿನೊಳಗೆ ಹಳೇ ಅಂಟಿನ ಗಾಜಿನಂಥ ಪದರ ಕೂತಿದೆ. ಹೊಸ ಅಂಟು ಹಿಡಿಯೋದು ಆ ಪದರವನ್ನು, ಮರವನ್ನಲ್ಲ. ಆರು ತಿಂಗಳಲ್ಲಿ ಮತ್ತೆ ಏಳುತ್ತೆ, ಆಗ ಬಿಡಿಸುವವರಿಗೆ ಕೆಲಸ ಮೂರು ಪಟ್ಟು. ಪೂರ್ತಿ ಬಿಚ್ಚಿ ಅಂಟಿಸೋದೇ ಸರಿ.

ಬಿಚ್ಚುವ ಮುನ್ನ ಸೌಂಡ್‌ಹೋಲ್ ಒಳಗೆ ಕನ್ನಡಿ, ಸಣ್ಣ ಎಲ್‌ಇಡಿ ಬಿಟ್ಟು ಬ್ರಿಜ್ ಕೆಳಭಾಗ ನೋಡಿ. ನಟ್-ಬೋಲ್ಟ್ ಕಂಡರೆ ಅದನ್ನು ಮೊದಲು ಬಿಚ್ಚಿ. ಮೇಲಿನಿಂದ ಚಂದಕ್ಕೆ ಕೂರಿಸಿದಂತೆ ಕಾಣುವ ಬಿಳಿ ಚುಕ್ಕಿಗಳ ಕೆಳಗೆ ಅವು ಅಡಗಿರುತ್ತವೆ. ಹಾಗೇ ಬ್ರಿಜ್ ಪ್ಲೇಟ್ (ಬ್ರಿಜ್‌ನ ನೇರ ಕೆಳಗೆ ಒಳಬದಿಯ ಮರದ ಹಲಗೆ) ನೋಡಿ: ತಂತಿಯ ಗುಂಡು ಪ್ಲೇಟನ್ನು ಕೊರೆದು ಮೇಲಕ್ಕೆ ನುಗ್ಗಿದೆಯಾ? ತಂತಿಯ ಸುತ್ತಿದ ದಪ್ಪ ಭಾಗ ಸ್ಯಾಡಲ್ ತನಕ ಬಂದಿದ್ದರೆ ಹಾಗಾಗಿದೆ ಅಂತಲೇ ಅರ್ಥ.

ಸ್ಯಾಡಲ್ ತೆಗೆಯಿರಿ. ಬ್ರಿಜ್ ಆಕಾರದ ಕಿಂಡಿ ಕತ್ತರಿಸಿದ ರಟ್ಟಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಮೇಲ್ಹಲಗೆ ಮುಚ್ಚಿ, ಇಲ್ಲದಿದ್ದರೆ ಪಾಲಿಶ್ ಗುಳ್ಳೆ ಏಳುತ್ತೆ. ಬ್ರಿಜ್ ಮೇಲೆ ಒದ್ದೆ ಬಟ್ಟೆಯ ಮಡಿಕೆ, ಅದರ ಮೇಲೆ ಹದವಾಗಿ ಕಾದ ಇಸ್ತ್ರಿಪೆಟ್ಟಿಗೆಯ ತುದಿ. ಬಿಸಿ ಕೆಳಗಿಳಿಯೋಕೆ ನಾಲ್ಕೈದು ನಿಮಿಷ ಬೇಕು. ಅಂಚು ಮೊಂಡಾದ ತೆಳು ಪ್ಯಾಲೆಟ್ ಚಾಕುವನ್ನು ಈಗಾಗಲೇ ಎದ್ದಿರುವ ಕಡೆಯಿಂದ ತೂರಿಸಿ, ಮುಂದಕ್ಕೆ ತಳ್ಳುತ್ತಾ ಹೋಗಿ. ಮೀಟಿ ಎತ್ತಬೇಡಿ. ಚಾಕು ಮರದೊಳಗೆ ಇಳಿಯೋಕೆ ಶುರುವಾದರೆ ನಾರಿನ ಓಟ ಆ ಕಡೆಗಿದೆ ಅಂತ ತಿಳಿದು ಎದುರು ಬದಿಯಿಂದ ಬನ್ನಿ. ಎದ್ದು ಬಂದ ಸ್ಪ್ರೂಸ್ ಚಕ್ಕೆ ಎಸೆಯಬೇಡಿ, ಅದನ್ನು ಅದೇ ಜಾಗಕ್ಕೆ ಅಂಟಿಸಿಯೇ ಮುಂದಿನ ಕೆಲಸ.

ಹಳೇ ಅಂಟನ್ನು ಎರಡೂ ಕಡೆ ಬರೀ ಮರ ಕಾಣುವ ತನಕ ಹೆರೆಯಿರಿ. ಬ್ರಿಜ್ ತಳ ಮೇಲ್ಹಲಗೆಯ ಸಹಜ ಉಬ್ಬಿಗೆ ಹೊಂದಬೇಕು. 120 ನಂಬರಿನ ಸ್ಯಾಂಡ್‌ಪೇಪರನ್ನು ಒರಟು ಮುಖ ಮೇಲಾಗಿ ಆ ಜಾಗದಲ್ಲೇ ಹಾಸಿ, ಅದರ ಮೇಲೆ ಬ್ರಿಜ್ಜನ್ನು ಉಜ್ಜಿ. ಒಣ ಮರದ ಮೇಲೆ ಇಟ್ಟು ಬೆರಳಿಂದ ಒತ್ತಿದರೆ ಸುತ್ತಲೂ ಎಲ್ಲೂ ಕಾಗದ ಹೋಗಬಾರದು. ಕ್ಲಾಂಪ್ ಬಲದಿಂದ ಸಂದು ಮುಚ್ಚಿದರೆ ಅದೇ ಬಲ ನಾಳೆ ಅಂಟನ್ನು ಕೀಳುತ್ತೆ.

ಅಂಟು ಅಂದರೆ ಸರೇಸು (ಪ್ರಾಣಿ ಚರ್ಮದಿಂದ ಮಾಡಿದ ಅಂಟು). 192 ಗ್ರೇಡಿನ ಹರಳು ಒಂದು ಪಾಲಿಗೆ ತಣ್ಣೀರು ಎರಡು ಪಾಲು, ತೂಕದಲ್ಲಿ. ಒಂದು ಗಂಟೆ ನೆನೆಸಿ, ನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು 60 ಡಿಗ್ರಿಗೆ ಬಿಸಿ ಮಾಡಿ. ಬ್ರಷ್ ಎತ್ತಿದರೆ ಎಳೆ ಮುರಿಯದೆ ಇಳಿಯಬೇಕು. ಕುದಿಸಿದರೆ ಸತ್ವ ಹೋಯಿತು.

ಅರದಂಚು

ಒಪ್ಪಿದೆ, ಒಂದು ಬಿಟ್ಟು. ಸರೇಸು ಬಳಿದ ಮೇಲೆ ಸಿಗೋದು ಒಂದು ನಿಮಿಷ, ಅಷ್ಟರೊಳಗೆ ಕ್ಲಾಂಪ್ ಕೂತಿರಬೇಕು. ಕೈ ಪಳಗದವರು ತಡವರಿಸುವಷ್ಟರಲ್ಲಿ ಅಂಟು ಹೆಪ್ಪುಗಟ್ಟಿರುತ್ತೆ. ಹೆಪ್ಪಾದ ಸರೇಸಿನ ಜೋಡಣೆಗಿಂತ ಟೈಟ್‌ಬಾಂಡ್ ಒರಿಜಿನಲ್ ಅನ್ನುವ ಮರದ ಅಂಟಿನಲ್ಲಿ ಸಾವಕಾಶ ಮಾಡಿದ ಜೋಡಣೆ ಎಷ್ಟೋ ಮೇಲು, ಅದರಲ್ಲಿ ಐದು ನಿಮಿಷ ಸಿಗುತ್ತೆ. ಮುಂದೆ ಬಿಸಿ ಮಾಡಿದರೆ ಅದೂ ಬಿಡುತ್ತೆ. ಬೇಡದ್ದು ಎಪಾಕ್ಸಿ.

ಮರವಜ್ರ

ಬಿಸಿಗೆ ಬಿಡುತ್ತೆ ಅನ್ನೋದೇ ನನ್ನ ತಕರಾರು. ಬಿಸಿಲಲ್ಲಿ ನಿಂತ ಕಾರಿನೊಳಗೂ ಅದು ಮೆತ್ತಗಾಗುತ್ತೆ, ಎಳೆತಕ್ಕೆ ನಿಧಾನವಾಗಿ ಜಾರುತ್ತೆ. ಸರೇಸು ಒಣಗಿದರೆ ಅಲುಗೋದಿಲ್ಲ. ಆದರೆ ಮೊದಲ ಸಲ ಮಾಡುವವರಿಗೆ ಟೈಟ್‌ಬಾಂಡ್ ಅಂದರೆ ಜಗಳ ಇಲ್ಲ. ಸರೇಸೇ ಬಳಸುವುದಾದರೆ ಬ್ರಿಜ್ ಮತ್ತು ಮೇಲ್ಹಲಗೆ ಎರಡನ್ನೂ ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ, ಆ ಒಂದು ನಿಮಿಷ ಎರಡಾಗುತ್ತೆ.

ಯಾವ ಅಂಟಾದರೂ ಕ್ಲಾಂಪ್ ಕೆಲಸವನ್ನು ಅಂಟಿಲ್ಲದೆ ಒಮ್ಮೆ ಪೂರ್ತಿ ಮಾಡಿ ನೋಡಿ. ಆಳ ಬಾಯಿಯ ಕ್ಲಾಂಪ್ ಮೂರು ಬೇಕು, ಎಲ್ಲವೂ ಸೌಂಡ್‌ಹೋಲ್ ಮೂಲಕ. ಒಳಗೆ ಬ್ರೇಸ್‌ಗಳಿಗೆ ತಾಗದಂತೆ ಗೀರು ತೆಗೆದ ಹಲಗೆ ತುಂಡು, ಅದಕ್ಕೆ ಮೇಣದ ಕಾಗದ. ಬ್ರಿಜ್ ಜಾರದಂತೆ 1 ಮತ್ತು 6ನೇ ತೂತಿಗೆ ಪಿನ್ ಹಾಕಿ, ಕ್ಲಾಂಪ್ ಬಿಗಿಯಾದ ಮೇಲೆ ಪಿನ್ ತೆಗೆಯಿರಿ, ಮರೆತರೆ ಅವೂ ಅಂಟಿಕೊಳ್ಳುತ್ತವೆ. ಸುತ್ತಲೂ ಸಣ್ಣ ಮಣಿಗಳಂತೆ ಅಂಟು ಹೊರಬಂದರೆ ಸರಿ, ಬೆಚ್ಚನೆ ನೀರಿನ ಬಟ್ಟೆಯಿಂದ ಒರೆಸಿ. ಕ್ಲಾಂಪ್ 24 ಗಂಟೆ, ತಂತಿ ಹಾಕೋದು 48 ಗಂಟೆ ಆದ ಮೇಲೆ.

ನೈಲಾನ್‌ಪ್ರಿಯ

ನಡುವೆ ಒಂದು ಪ್ರಶ್ನೆ. ಹಳೇ ಕ್ಲಾಸಿಕಲ್ ಗಿಟಾರಿಗೆ ತೆಳು ಸ್ಟೀಲ್ ತಂತಿ ಹಾಕಿದರೆ ನಡೆಯುತ್ತಾ?

ಆರನೇತಂತಿ

ನಡೆಯಲ್ಲ. ನೈಲಾನ್ ಸೆಟ್ಟಿನ ಎಳೆತ 40 ಕೆ.ಜಿ. ಆಸುಪಾಸು. ತೆಳು 10–47 ಸ್ಟೀಲ್ ಕೂಡ 60 ದಾಟುತ್ತೆ. ಅದರ ಬ್ರೇಸ್ ತೆಳ್ಳಗೆ, ನೆಕ್ಕಿನಲ್ಲಿ ಸಾಮಾನ್ಯವಾಗಿ ರಾಡ್ ಇರೋದಿಲ್ಲ. ಮೊದಲು ಬ್ರಿಜ್ ಹೋಗುತ್ತೆ. ಅಂದಹಾಗೆ ಕ್ಲಾಸಿಕಲ್‌ಗೆ 12ನೇ ಫ್ರೆಟ್‌ನಲ್ಲಿ 4 ಮತ್ತು 3 ಮಿ.ಮೀ. ಸಹಜ ಎತ್ತರ, ಸ್ಟೀಲ್ ಲೆಕ್ಕ ಹಿಡಿದು ಇಳಿಸಬೇಡಿ.

ಮೂಲೆಪೆಟ್ಟಿಗೆ

ಎರಡೂವರೆ ವಾರ ತೇವ ಕೊಟ್ಟ ಮೇಲೆ ಶೇ. 48ರಲ್ಲಿ ನಿಂತಿದೆ. ಫ್ರೆಟ್ ತುದಿ ಬಹುಪಾಲು ಒಳಹೋಗಿವೆ. ಬೋಲ್ಟ್ ಇರಲಿಲ್ಲ. ಬ್ರಿಜ್ ಬಿಚ್ಚಿ ಟೈಟ್‌ಬಾಂಡ್‌ನಲ್ಲಿ ಅಂಟಿಸಿ ಆಯಿತು. ಬ್ರಿಜ್ ಹಿಂದೆ ನಾರಿನ ಉದ್ದಕ್ಕೆ 60 ಮಿ.ಮೀ. ಕೂದಲೆಳೆ ಬಿರುಕು ಇದೆ, ಒಣಗಿದ್ದಾಗ ಉಗುರಿಗೆ ಸಿಗುತ್ತಿತ್ತು, ಈಗ ಸಿಗುತ್ತಿಲ್ಲ. ಬಿಡಲಾ?

ಮರವಜ್ರ

ಬಿಡಬೇಡಿ. ಮುಚ್ಚಿಕೊಂಡಿರೋದು ತೇವದಿಂದ, ಮುಂದಿನ ಒಣಹವೆಗೆ ಮತ್ತೆ ಬಾಯಿ ಬಿಡುತ್ತೆ, ಜೊತೆಗೆ ಉದ್ದವೂ ಆಗುತ್ತೆ. ಈಗಲೇ ಅಂಟಿಸಲು ಒಳ್ಳೇ ಸಮಯ. ತೆಳು ಬಿಸಿ ಸರೇಸನ್ನು ಗೆರೆ ಮೇಲೆ ಹಚ್ಚಿ, ಹೆಬ್ಬೆರಳಿಂದ ಒಂದು ಬದಿಯನ್ನು ಒತ್ತಿ ಬಿಟ್ಟು ಮಾಡಿದರೆ ಬಿರುಕೇ ಅಂಟನ್ನು ಕುಡಿಯುತ್ತೆ. ಒಳಗಿನಿಂದ ಕೈ ಹಾಕಿ ನೋಡಿ, ಅಲ್ಲಿ ಅಂಟು ಬೆರಳಿಗೆ ತಾಗಿದರೆ ಸಾಕು.

ಆಮೇಲೆ ಒಳಗಿನಿಂದ ತೇಪೆ. ಸ್ಪ್ರೂಸ್‌ನದೇ, 1.5 ಮಿ.ಮೀ. ದಪ್ಪ, 12×15 ಅಳತೆ, ನಾರು ಬಿರುಕಿಗೆ ಅಡ್ಡವಾಗಿರಬೇಕು, ಅಂಚು ಇಳಿಜಾರು. 60 ಮಿ.ಮೀ.ಗೆ ಎರಡು ಸಾಕು. ಒಳಗೊಂದು ಹೊರಗೊಂದು ಬಲವಾದ ಅಯಸ್ಕಾಂತ ಇಟ್ಟರೆ ಅದೇ ಕ್ಲಾಂಪ್. ಹೊರಗಿನದಕ್ಕೆ ಬಟ್ಟೆ ಸುತ್ತಿ, ಕೈ ತಪ್ಪಿ ಟಪ್ ಅಂತ ಕಚ್ಚಿದರೆ ಸ್ಪ್ರೂಸ್ ತಗ್ಗು ಬೀಳುತ್ತೆ.

ಕೈ ಒಳಗಿದ್ದಾಗಲೇ ಮೇಲ್ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಬನ್ನಿ. ಎಲ್ಲಾದರೂ ಕಟಕಟ ಅಂದರೆ ಅಲ್ಲಿ ಬ್ರೇಸ್ ಬಿಟ್ಟಿದೆ.

ಅರದಂಚು

ಈಗ ರಾಡ್ ಸರದಿ. ತಂತಿ ಸ್ವಲ್ಪ ಸಡಿಲಿಸಿ. ಮೊದಲು ಅಪ್ರದಕ್ಷಿಣವಾಗಿ ಕಾಲು ಸುತ್ತು ಬಿಡಿಸಿ ನೋಡಿ, ಅಲುಗುತ್ತಾ ಅಂತ ಗೊತ್ತಾಗುತ್ತೆ. ಬಿಗಿಯಾಗಿದ್ದರೆ ಎಳೆಗೆ ಒಂದೇ ಹನಿ ಎಣ್ಣೆ ಬಿಟ್ಟು ಕಾಯಿರಿ. ಆಮೇಲೆ ಮೊದಲಿದ್ದಲ್ಲಿಗೆ ತಂದು, ಪ್ರದಕ್ಷಿಣವಾಗಿ ಕಾಲು ಸುತ್ತು. ಶ್ರುತಿ ಮಾಡಿ, ಅಳೆಯಿರಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಒಟ್ಟು ಒಂದು ಸುತ್ತಿಗೂ ಬಗ್ಗದಿದ್ದರೆ ನಿಲ್ಲಿಸಿ.

ರಿಲೀಫ್ 0.2ಕ್ಕೆ ಬಂದ ಮೇಲೆ ನೆಕ್ಕಿನ ಕೋನ. ಉದ್ದ ಸ್ಟೀಲ್ ಪಟ್ಟಿಯನ್ನು ನಡುವಿನ ಎರಡು ತಂತಿಗಳ ಮಧ್ಯೆ ಫ್ರೆಟ್‌ಗಳ ಮೇಲೆ ಇಟ್ಟು ಬ್ರಿಜ್ ಕಡೆಗೆ ಚಾಚಿ, ತಂತಿಗಳು ಶ್ರುತಿಯಲ್ಲೇ ಇರಲಿ. ಪಟ್ಟಿಯ ತುದಿ ಬ್ರಿಜ್‌ನ ನೆತ್ತಿ ಸವರಿದರೆ ಕೋನ ಚೆನ್ನಾಗಿದೆ. 3 ಮಿ.ಮೀ.ಗಿಂತ ಕೆಳಗೆ ಹೋಗಿ ಬಡಿದರೆ ನೆಕ್ ಬಿಚ್ಚಿ ಕೂರಿಸುವ ಮಾತು ಬರುತ್ತೆ.

ಮೂಲೆಪೆಟ್ಟಿಗೆ

ಬಿರುಕು ಅಂಟಿಸಿ ಎರಡು ತೇಪೆ ಹಾಕಿ ಆಯಿತು. ಬ್ರೇಸ್ ಎಲ್ಲ ಗಟ್ಟಿ. ರಾಡ್ ಅರ್ಧ ಸುತ್ತಿಗೆ ರಿಲೀಫ್ 0.2 ಆಯಿತು. 12ನೇ ಫ್ರೆಟ್: 2.9 ಮತ್ತು 2.1. ಪಟ್ಟಿ ಬ್ರಿಜ್ ನೆತ್ತಿಗಿಂತ 2 ಮಿ.ಮೀ. ಕೆಳಗೆ ತಾಗುತ್ತೆ.

ಅರದಂಚು

ಹಾಗಾದರೆ ನೆಕ್ ಮುಟ್ಟಬೇಡಿ. 2 ಅನ್ನೋದು ಗಡಿ ಹತ್ತಿರ, ಆದರೆ ಗಡಿಯೊಳಗೆ. ಈಗ ಸ್ಯಾಡಲ್ ಉಜ್ಜಬಹುದು: 6ನೇ ಕಡೆ 0.8, 1ನೇ ಕಡೆ 0.6. ಉಳಿಯೋದು 2.2 ಮತ್ತು 1.8, ಬೇಕಾದಷ್ಟಾಯಿತು. ಶುರುವಲ್ಲೇ ಉಜ್ಜಿದ್ದರೆ ಉಳಿಯುತ್ತಿದ್ದುದು 0.8 ಮತ್ತು 0.6.

ತಳದಿಂದ ಉಜ್ಜಿ, ಮೇಲಿನಿಂದಲ್ಲ. ಸ್ಯಾಡಲ್ ಮೇಲೆ ಸೀಸದಕಡ್ಡಿಯಲ್ಲಿ ಓರೆಗೆರೆ ಎಳೆಯಿರಿ, ಗಾಜಿನ ಮೇಲೆ ಅಂಟಿಸಿದ 220 ಕಾಗದದ ಮೇಲೆ ನೆಟ್ಟಗೆ ಹಿಡಿದು ತಿಕ್ಕಿ. ಕೈ ವಾಲಿದರೆ ತಳ ದುಂಡಾಗಿ, ಸ್ಯಾಡಲ್ ಬ್ರಿಜ್‌ನ ಸೀಳಿನಲ್ಲಿ ಅಲುಗುತ್ತೆ, ದನಿ ಅಲ್ಲೇ ಸೋರಿಹೋಗುತ್ತೆ. ಗೆರೆಗೆ ಕೂದಲೆಳೆ ಮುಂಚೆ ನಿಲ್ಲಿಸಿ ತಂತಿ ಹಾಕಿ ಅಳೆಯಿರಿ.

ಆರನೇತಂತಿ

3ನೇ ತಂತಿಯ ಜುಂಯ್ ಯಾರೂ ಎತ್ತಿಲ್ಲ. ಖಾಲಿ ಮೀಟಿದಾಗ ಮಾತ್ರ ಬಂದು ಒತ್ತಿದಾಗ ಹೋದರೆ ತಪ್ಪು ನಟ್‌ನಲ್ಲಿ. ಎರಡು ಸಾಧ್ಯತೆ. ಒಂದು, ನಟ್‌ನ ಗೀರು ಆಳವಾಗಿ ಸವೆದು ತಂತಿ 1ನೇ ಫ್ರೆಟ್‌ಗೆ ಬಡಿಯುತ್ತಿದೆ. 3ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು 1ನೇ ಫ್ರೆಟ್ ಮೇಲೆ ತಟ್ಟಿ ನೋಡಿ: ಸಣ್ಣದಾಗಿ ಟಿಕ್ ಅಂದು ಅಲುಗಬೇಕು, 0.05ರಿಂದ 0.1 ಮಿ.ಮೀ. ಅಲುಗದಿದ್ದರೆ ಆಳ ಹೆಚ್ಚಾಗಿದೆ. ಎರಡನೆಯದು, ಗೀರಿನ ತಳ ಹಿಂದಕ್ಕೆ ಇಳಿಜಾರಾಗುವ ಬದಲು ಸಮತಟ್ಟಾಗಿದೆ, ತಂತಿ ಅದರ ಮೇಲೆ ಸವರಿಕೊಂಡು ಅದುರುತ್ತೆ. ತಂಬೂರಿಯ ಜೀವಾಳಿ ಬೇಕು ಅಂತ ಮಾಡುವ ಕೆಲಸ ಇಲ್ಲಿ ಬೇಡದೆ ಆಗುತ್ತಿರುತ್ತೆ.

ಆಳವಾಗಿದ್ದರೆ: ಮೂಳೆಯ ತುಂಡನ್ನು ಅರದಿಂದ ಉಜ್ಜಿ ಪುಡಿ ಮಾಡಿ, ಗೀರಿನಲ್ಲಿ ಒತ್ತಿ ತುಂಬಿ, ಮೇಲೆ ತೆಳು ಸೂಪರ್ ಗ್ಲೂ ಒಂದು ಹನಿ. ಸೂಪರ್ ಗ್ಲೂಗೆ ಇಡೀ ಗಿಟಾರಿನಲ್ಲಿ ಇರುವ ಒಳ್ಳೇ ಜಾಗ ಇದೊಂದೇ. ಸುತ್ತ ಟೇಪ್ ಹಾಕಿರಬೇಕು. ಗಟ್ಟಿಯಾದ ಮೇಲೆ ಹೊಸದಾಗಿ ಗೀರು ಕೊರೆಯಿರಿ. ನಿಮ್ಮ ಸೆಟ್ಟಿನ 3ನೇ ತಂತಿ 0.61 ಮಿ.ಮೀ., ಗೀರು 0.65 ಇದ್ದರೆ ಸರಿ. ಇಕ್ಕಟ್ಟಾದರೆ ಶ್ರುತಿ ಮಾಡುವಾಗ ಟಿಣ್ ಅಂತ ಹಾರುತ್ತೆ.

ತಿರುಪು

ಎಲೆಕ್ಟ್ರಿಕ್‌ನ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತೆ, ಅದಕ್ಕೂ ಇಲ್ಲೇ ಹೇಳಿ.

ಅರದಂಚು

ಪಾಟ್‌ನ (ವಾಲ್ಯೂಮ್ ಗುಬ್ಬಿಯ ಕೆಳಗಿನ ಬಿಡಿಭಾಗ) ಹಿಂದಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು, ಆಮೇಲೆ ಕೊನೆಯಿಂದ ಕೊನೆಗೆ 30 ಸಲ ತಿರುಗಿಸಿ. ತುಕ್ಕು ಬಿಡಿಸುವ ಎಣ್ಣೆ ಹೊಡೆಯಬೇಡಿ, ಜಿಡ್ಡಿಗೆ ಧೂಳು ಕೂರುತ್ತೆ. ಹೋಗದಿದ್ದರೆ ಪಾಟ್ ಬದಲಿಸಿ: ಸಿಂಗಲ್ ಕಾಯಿಲ್ ಪಿಕಪ್‌ಗೆ 250 ಕಿಲೋ ಓಮ್, ಹಂಬಕರ್ ಪಿಕಪ್‌ಗೆ 500. ಉಳಿದದ್ದು ಬೇರೆ ಚರ್ಚೆ.

ಮೂಲೆಪೆಟ್ಟಿಗೆ

ನಟ್ ಸರಿಯಾಯಿತು, 2.5 ಮತ್ತು 1.8 ಬಂತು. ಈಗ 2ನೇ ಫ್ರೆಟ್‌ನಲ್ಲಿ 1 ಮತ್ತು 2ನೇ ತಂತಿ ಮಂದವಾಗಿ ಕೇಳುತ್ತಿವೆ. ಅಲ್ಲಿ ತಂತಿ ಕೊರೆದ ತಗ್ಗು ಕಾಣುತ್ತೆ.

ಆರನೇತಂತಿ

ಫ್ರೆಟ್ ಎತ್ತರ ಎಷ್ಟು ಅಳೆಯಿರಿ. 0.9–1.0 ಮಿ.ಮೀ. ಇದ್ದು ತಗ್ಗು 0.15 ಆದರೆ ಎಲ್ಲ ಫ್ರೆಟ್ ಒಟ್ಟಿಗೆ ಮಟ್ಟ ಮಾಡಿ ಬಚಾವಾಗಬಹುದು. ಮಟ್ಟ ಮಾಡಿದ ಮೇಲೆ 0.6ಕ್ಕಿಂತ ಕಡಿಮೆ ಉಳಿಯುವಂತಿದ್ದರೆ ಸವೆದ ಮೂರ್ನಾಲ್ಕು ಫ್ರೆಟ್ ಬದಲಿಸೋದೇ ಮೇಲು.

ತಂತಿ ತೆಗೆದು ರಾಡ್‌ನಿಂದ ನೆಕ್ ನೇರ ಮಾಡಿ. ಫಿಂಗರ್‌ಬೋರ್ಡ್‌ಗೆ ಟೇಪ್, ಮೇಲ್ಹಲಗೆಗೆ ರಟ್ಟು. ಪ್ರತಿ ಫ್ರೆಟ್ ನೆತ್ತಿಗೂ ಮಾರ್ಕರ್ ಮಸಿ. ನೇರವಾದ ಪಟ್ಟಿಗೆ 320 ಕಾಗದ ಅಂಟಿಸಿ ನೆಕ್ಕಿನ ಉದ್ದಕ್ಕೆ, ಭಾರ ಹಾಕದೆ ತಿಕ್ಕಿ. ಎಲ್ಲ ಫ್ರೆಟ್‌ನ ಮಸಿ ಹೋಗಿ ತಗ್ಗು ಮಾಯವಾದ ಕ್ಷಣ ನಿಲ್ಲಿಸಿ. ಈಗ ನೆತ್ತಿಗಳು ಚಪ್ಪಟೆ. ಮತ್ತೆ ಮಸಿ ಹಚ್ಚಿ, ಕ್ರೌನಿಂಗ್ ಅರದಿಂದ ಎರಡು ಪಕ್ಕ ದುಂಡಗೆ ಮಾಡುತ್ತಾ ನಡುವೆ ದಾರದಷ್ಟು ಮಸಿಗೆರೆ ಉಳಿಸಿ. ಆ ಗೆರೆ ಅಳಿಸಿದರೆ ಮಟ್ಟ ಮಾಡಿದ್ದು ವ್ಯರ್ಥ. ಚಪ್ಪಟೆಯಾಗಿ ಬಿಟ್ಟರೂ ತಂತಿ ನೆತ್ತಿಯ ಮುಂದಂಚಿಗೆ ತಾಗಿ ಸ್ವರ ಏರುತ್ತೆ. ಕೊನೆಗೆ 600, 1000, 2000 ಕಾಗದ. ಟೇಪ್ ಕಿತ್ತು ಬೀಟೆಗೆ ಎರಡೇ ಹನಿ ಮಿನರಲ್ ಆಯಿಲ್, ಹತ್ತು ನಿಮಿಷಕ್ಕೆ ಒರೆಸಿ. ಅಡುಗೆ ಎಣ್ಣೆ ಹಚ್ಚಿದರೆ ಮುಗ್ಗಲು ವಾಸನೆ ಬಂದು ಜಿಗುಟಾಗುತ್ತೆ.

ಮೂಲೆಪೆಟ್ಟಿಗೆ

ಫ್ರೆಟ್ ಎತ್ತರ 0.95, ಹಾಗಾಗಿ ಮಟ್ಟವೇ ಮಾಡುತ್ತೇನೆ. ಇನ್ನೊಂದು: 2ನೇ ತಂತಿಯನ್ನು 12ನೇ ಫ್ರೆಟ್‌ನಲ್ಲಿ ಒತ್ತಿದರೆ ಹಾರ್ಮೋನಿಕ್‌ಗಿಂತ (ಅಲ್ಲೇ ಒತ್ತದೆ ಸವರಿ ಮೀಟಿದ ಸ್ವರ) 4 ಸೆಂಟ್ (ಅರ್ಧ ಸ್ವರದ ನೂರರಲ್ಲಿ ನಾಲ್ಕು ಪಾಲು) ಹೆಚ್ಚು ತೋರಿಸುತ್ತೆ. ಬ್ರಿಜ್ ಜಾಗ ತಪ್ಪಿ ಅಂಟಿತಾ?

ಅರದಂಚು

ಪಿನ್ ಹಾಕಿ ಅಂಟಿಸಿದ್ದರೆ ಜಾಗ ತಪ್ಪೋದು ಕಷ್ಟ. ಉಳಿದ ತಂತಿಗಳು ಸರಿ ಇದ್ದರೆ ಖಂಡಿತ ಅಲ್ಲ. ಫ್ರೆಟ್ ಕೆಲಸ ಮುಗಿದು ಹೊಸ ತಂತಿ ಹಾಕಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಸವೆದ ತಂತಿ ಸುಳ್ಳು ಹೇಳುತ್ತೆ. ಆಗಲೂ ಹೆಚ್ಚಿದ್ದರೆ ತಂತಿ ಸ್ಯಾಡಲ್ ಬಿಡುವ ಬಿಂದು ಹಿಂದಕ್ಕೆ ಹೋಗಬೇಕು. 645 ಸ್ಕೇಲ್‌ನಲ್ಲಿ 1 ಸೆಂಟ್‌ಗೆ ಸುಮಾರು 0.37 ಮಿ.ಮೀ., ಅಂದರೆ 4 ಸೆಂಟ್‌ಗೆ 1.5. ಸ್ಯಾಡಲ್ 3 ಮಿ.ಮೀ. ದಪ್ಪ ಇದ್ದು ಈಗ ತಂತಿ ನಡುವಿನಲ್ಲಿ ಕೂತಿದ್ದರೆ ಹಿಂದಂಚಿನ ತನಕ ತಳ್ಳಿದರೂ 1.5 ಪೂರ್ತಿ ಸಿಗಲ್ಲ, 1.2 ಸಿಗಬಹುದು. ಆ 2ನೇ ತಂತಿಯ ಜಾಗದಲ್ಲಷ್ಟೇ ನೆತ್ತಿಯ ಮುಂಭಾಗವನ್ನು ಸಣ್ಣ ಅರದಿಂದ ಹಿಂದಕ್ಕೆ ಇಳಿಜಾರು ಮಾಡಿ, ಎತ್ತರದ ಬಿಂದು ಹಿಂದೆ ಉಳಿಯುವಂತೆ. ಮಿಕ್ಕ ಒಂದು ಸೆಂಟ್ ಕಿವಿಗೆ ಗೊತ್ತಾಗಲ್ಲ.